ಕಂಬದ ಕೆಳಗಿನ ಸ್ವರ

"ನಾಲ್ಕೂ ತಂತಿ ಒಟ್ಟಿಗೆ ಸಡಿಲ ಮಾಡ್ಲಿಕ್ಕಿಲ್ಲ ಮಗಾ. ಒಂದು ತೆಗಿ, ಒಂದು ಹಾಕು. ಅಷ್ಟು ನೆನಪಿಟ್ಟುಕೊ."

ಉಮಾವತಿ ಇದನ್ನು ಮೂರನೆಯ ಸಲ ಹೇಳಿದಾಗ ಪ್ರಣೀತಾಳಿಗೆ ನಗು ಬಂತು. ಡಬಲ್ ಬೇಸ್ ಕಲಿಯುವ ಯಾರಿಗಾದರೂ ಮೊದಲ ತಿಂಗಳಲ್ಲೇ ಗೊತ್ತಾಗುವ ಸಂಗತಿ ಅದು. ಆಳೆತ್ತರದ ಆ ವಾದ್ಯದ ಹೊಟ್ಟೆಯೊಳಗೆ, ಮುಂದಿನ ಹಲಗೆಗೂ ಹಿಂದಿನ ಹಲಗೆಗೂ ನಡುವೆ, ಹೆಬ್ಬೆರಳು ಗಾತ್ರದ ಒಂದು ಮರದ ಕಂಬ ನಿಂತಿರುತ್ತದೆ. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ತಂತಿಗಳ ಬಿಗಿತವೇ ಅದನ್ನು ಒತ್ತಿ ಹಿಡಿದಿರುವುದು. ನಾಲ್ಕನ್ನೂ ಸಡಿಲಿಸಿದರೆ ಕಂಬ ಬೀಳುತ್ತದೆ, ದನಿ ಸತ್ತುಹೋಗುತ್ತದೆ.

"ಬಿದ್ರೆ ಮತ್ತೆ ನಿಲ್ಲಿಸಿದ್ರಾಯ್ತು ಆಂಟಿ," ಅಂದಳು.

ಮುಂಬಯಿ ಪಕ್ಕದ ಠಾಣೆ ಪಟ್ಟಣದ ವರ್ತಕ ನಗರದಲ್ಲಿ, ನೆಲ ಅಂತಸ್ತಿನ ಆ ಮನೆಯಲ್ಲಿ ಫ್ಯಾನು ತಿರುಗುತ್ತಿದ್ದರೂ ಗಾಳಿ ಆಡುತ್ತಿರಲಿಲ್ಲ. ಅದು ೨೦೧೩ರ ಮೇ ತಿಂಗಳು. ಹಳೆ ಬಿಲ್ಡಿಂಗ್ ಕೆಡವಿ ಟವರ್ ಕಟ್ಟುವವರಿದ್ದರು, ಅರ್ಧ ಮನೆಗಳು ಆಗಲೇ ಖಾಲಿಯಾಗಿದ್ದವು. ಉಮಾವತಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದಳು.

"ಬೀಳುವುದು ಕಂಬ ಮಾತ್ರ ಅಲ್ಲ. ಅದರ ಅಡಿಯಲ್ಲಿ ಒಂದು ಉಂಟು. ನಮ್ಮ ಯಜಮಾನ್ರು ಇಟ್ಟದ್ದು. ಅದನ್ನು ಎಬ್ಬಿಸ್ಬೇಡ."

ಪ್ರಣೀತಾಳ ನಗು ಅಲ್ಲೇ ನಿಂತಿತು. ಅದರ ಜಾಗಕ್ಕೆ ಬಂದದ್ದು ಹೆದರಿಕೆಯಲ್ಲ, ಸಿಟ್ಟು. ಅವಳಮ್ಮ ಸುಗುಣಾಳ ಎದೆಯಲ್ಲಿ ಗಂಟು ಕಾಣಿಸಿದಾಗ ಪ್ರಣೀತಾಳಿಗೆ ಹತ್ತೊಂಬತ್ತು ವರ್ಷ. ಡೊಂಬಿವಲಿಯ ಒಬ್ಬ ಮಂತ್ರವಾದಿ ಅದನ್ನು ನಾದಿನಿ ಮಾಡಿಸಿದ ಮಾಟವೆಂದ. ಎರಡು ವರ್ಷ ನಿಂಬೆಹಣ್ಣು ಕೊಯ್ದ, ದಿಂಬಿನಿಂದ ಸೂಜಿ ತೆಗೆದ, ಕುಂಕುಮದ ನೀರು ಕುಡಿಸಿದ. ಆಸ್ಪತ್ರೆಗೆ ಒಯ್ಯುವ ಹೊತ್ತಿಗೆ ವೈದ್ಯರು ಕೈಕಟ್ಟಿ ನಿಲ್ಲುವುದೊಂದೇ ಬಾಕಿ ಇತ್ತು. ಅಮ್ಮ ಸಾಯುವ ಗಳಿಗೆಯಲ್ಲೂ ನಾದಿನಿಯ ಹೆಸರು ಹೇಳಿ ಶಪಿಸುತ್ತಿದ್ದಳು. ಅಂದಿನಿಂದ ಪ್ರಣೀತಾ ಎಲ್ಲಿ ಕಪ್ಪು ದಾರ ಕಂಡರೂ ಹರಿಯುತ್ತಿದ್ದಳು, ಅಂಗಡಿಗಳ ಮುಂದೆ ಕಟ್ಟಿದ ನಿಂಬೆ-ಮೆಣಸನ್ನು ಹಾದಿಯಲ್ಲಿ ಹೋಗುತ್ತಲೇ ಕಿತ್ತು ಚರಂಡಿಗೆ ಎಸೆಯುತ್ತಿದ್ದಳು.

"ನನ್ನೆದುರು ಇಂಥದ್ದು ಮಾತಾಡ್ಬೇಡಿ," ಅಂದಳು. ಆದರೂ ವಾದ್ಯ ಅವಳಿಗೆ ಬೇಕಿತ್ತು. ಊರ ಕಡೆಯ ಗದ್ದೆಹಾಡುಗಳನ್ನು ಜಾಝ್‌ನೊಂದಿಗೆ ಬೆಸೆದು ನುಡಿಸುವ ಅವಳ ತಂಡಕ್ಕೆ ಠಾಣೆಯದೇ ಸಭಾಂಗಣವೊಂದರಲ್ಲಿ ಇನ್ನು ಹತ್ತು ದಿನಕ್ಕೆ ಕಛೇರಿಯಿತ್ತು. ಅವಳ ಸ್ವಂತ ಬೇಸ್ ಸ್ಟೇಷನ್ನಿನ ಮೆಟ್ಟಿಲ ಮೇಲೆ ಜಾರಿ ಕುತ್ತಿಗೆ ಮುರಿದುಕೊಂಡಿತ್ತು. ಉಮಾವತಿಯ ಗಂಡ ಮುಂಡಪ್ಪ ಹಿಂದೆ ಹೋಟೆಲುಗಳ ಬ್ಯಾಂಡಿನಲ್ಲಿ ನುಡಿಸುತ್ತಿದ್ದವನು, ತೀರಿಕೊಂಡು ವರ್ಷವಾಗಿತ್ತು. ಅವನ ಬೇಸನ್ನು ಉಮಾವತಿ ದುಡ್ಡು ಕೇಳದೆ ಹಾಗೆಯೇ ಒಯ್ಯೆಂದಿದ್ದಳು. ಟೆಂಪೋ ಹೊರಟಾಗ ಆ ಮುದುಕಿ ಬಾಗಿಲು ಹಾಕಿ ಒಳಗಿನಿಂದ ಚಿಲಕ ಎಳೆದ ಸದ್ದು ರಸ್ತೆಯ ತನಕ ಕೇಳಿಸಿತು.

ಟೆಂಪೋ ನಿಂತದ್ದು ತುರ್ಭೆಯ ಕೈಗಾರಿಕಾ ಶೆಡ್ಡುಗಳ ನಡುವೆ, ಯಜ್ಞೇಶ್ವರ ಆಚಾರ್ಯನ ಕೆಲಸದ ಮನೆಯ ಮುಂದೆ. ಕುಂದಾಪುರದ ಕಡೆಯ ಬಡಗಿ. ಹಾರ್ಮೋನಿಯಂ, ಗಿಟಾರು, ವಯಲಿನ್ ಎಲ್ಲವನ್ನೂ ರಿಪೇರಿ ಮಾಡುವವನು. ಒಳಗೆ ತೇಗದ ಪುಡಿಯ ವಾಸನೆ, ಒಲೆಯ ಮೇಲೆ ಕುದಿಯುವ ಸರೇಸಿನ ಅಂಟಿನ ಕೊಳೆತ ಚರ್ಮದ ವಾಸನೆ, ಹೊರಗಿನಿಂದ ಕೆಮಿಕಲ್ ಫ್ಯಾಕ್ಟರಿಯ ಕೆಟ್ಟ ಮೊಟ್ಟೆಯ ವಾಸನೆ.

ಪ್ರಣೀತಾ ಅಲ್ಲೇ ನಿಂತು ಕಮಾನು ಎಳೆದಳು.

ಯಜ್ಞೇಶ್ವರ ಕೈಯಲ್ಲಿದ್ದ ಉಳಿ ಕೆಳಗಿಟ್ಟ. ಆ ದನಿ ಮರದ್ದಾಗಿರಲಿಲ್ಲ. ಬಾಯಿ ಮುಚ್ಚಿಕೊಂಡ ಗಂಡಸೊಬ್ಬ ಎದೆಯೊಳಗೇ ಹಾಡುವ ಹಾಗಿತ್ತು. ಪ್ರಣೀತಾಳಿಗೆ ಹೊಟ್ಟೆಯ ಆಳದಿಂದ ಖುಷಿ ಉಕ್ಕಿತು. ಹತ್ತು ವರ್ಷ ಹುಡುಕಿದ ದನಿ ಕೈಗೆ ಸಿಕ್ಕಿತ್ತು. ಆದರೆ ತಂತಿಗಳು ಬೆರಳ ಹಲಗೆಯಿಂದ ಒಂದು ಬೆರಳಷ್ಟು ಎತ್ತರದಲ್ಲಿದ್ದವು. ಕಮಾನಿಗೆ ಪರವಾಗಿಲ್ಲ, ಬೆರಳಿನಿಂದ ಮೀಟಿ ಓಡಿಸುವ ಜಾಝ್‌ಗೆ ಆಗದು. ತಂತಿಗಳನ್ನು ಹೊತ್ತ ಮರದ ಕುದುರೆಯನ್ನೇ ತೆಗೆದು ಹೊಸದು ಕೂರಿಸಬೇಕು. ಅದಕ್ಕೆ ನಾಲ್ಕೂ ತಂತಿ ಬಿಚ್ಚದೆ ದಾರಿಯಿಲ್ಲ.

ಯಜ್ಞೇಶ್ವರ ಎಫ್ ಆಕಾರದ ಕಂಡಿಯಿಂದ ಟಾರ್ಚು ಬಿಟ್ಟು, ಹಲ್ಲಿನ ಡಾಕ್ಟರರ ಪುಟ್ಟ ಕನ್ನಡಿ ಇಳಿಸಿ ಒಳಗೆ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಕನ್ನಡಿಯನ್ನು ಅಂಗಿಗೆ ಒರೆಸದೆ, ಬೇರೆ ಬಟ್ಟೆ ಹುಡುಕಿ ಒರೆಸಿದ.

"ಕಂಬದ ಬುಡದಲ್ಲಿ ತಾಮ್ರದ ತಗಡು ಇತ್ತ್. ದಾರ ಸುತ್ತಿದ್ದು. ನನ್ನತ್ರ ಆತಿಲ್ಲೆ, ತಕಂಡ್ ಹೋಯ್ನಿ."

ಹತ್ತು ವರ್ಷದಿಂದ ಗುರುತಿರುವ ಮನುಷ್ಯ ಹೀಗೆ ವಾದ್ಯವನ್ನು ಹಿಂದೆ ಒಯ್ಯಲು ಹೇಳಿದ್ದು ಅವಳಿಗೆ ಕೆನ್ನೆಗೆ ಹೊಡೆದಂತಾಯಿತು. ಇವನೂ ಅದೇ ಸಾಲಿನವನೇ ಎಂದುಕೊಂಡಳು. ಅವನು ಎಷ್ಟು ಬೇಡವೆಂದರೂ ಕೇಳದೆ ಬೇಸನ್ನು ಕಂಬಳಿಯ ಮೇಲೆ ಅಂಗಾತ ಮಲಗಿಸಿದಳು. ಹಾಗೆ ಮಲಗಿಸಿದರೆ ಕಂಬ ಸಾಮಾನ್ಯವಾಗಿ ನಿಂತೇ ಇರುತ್ತದೆ. ಒಂದೊಂದಾಗಿ ಬಿರಡೆ ತಿರುಗಿಸಿದಳು. ಮೊದಲನೆಯ ತಂತಿ ನರಳಿ ಸಡಿಲಾಯಿತು. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಯಜ್ಞೇಶ್ವರ ಹೊರಗೆ ನಡೆದ.

ಠಕ್.

ಮಲಗಿಸಿದ್ದರೂ ಕಂಬ ಬಿತ್ತು. ಅದರ ಹಿಂದೆಯೇ ಪೆಟ್ಟಿಗೆಯೊಳಗಿಂದ ಒಂದು ಉಸಿರು ಹೊರಬಂತು. ಬಿಸಿಯಾದ, ಒದ್ದೆಯಾದ ಉಸಿರು. ಅದು ಅವಳ ಮುಖಕ್ಕೆ ತಾಗಿತು. ವೀಳ್ಯದೆಲೆ ಅಗಿದ ಬಾಯಿಯ ವಾಸನೆಯಿತ್ತು ಅದಕ್ಕೆ.

ಹಳೆ ಮರದ ವಾಸನೆ ಎಂದುಕೊಂಡಳು. ತಂತಿಯ ಕೊಕ್ಕೆಯಿಂದ ತಗಡನ್ನು ಎಳೆದು ತೆಗೆದಳು. ಸುರುಳಿಯೊಳಗೆ ಕೂದಲಿನ ಗಂಟು. ತಗಡಿನ ಮೇಲೆ ಮೊಳೆಯಿಂದ ಗೀಚಿದ ದುಂಡನೆಯ ಕನ್ನಡ ಅಕ್ಷರ: ಚನಿಯನ ಸ್ವರ ಇದರ ಹೊಟ್ಟೆಯಲ್ಲಿ ಇರಲಿ.

ಅಮ್ಮನ ದಿಂಬಿನಿಂದ ತೆಗೆದ ಸೂಜಿಗಳು ಕಣ್ಣಮುಂದೆ ಬಂದವು. ಪ್ರಣೀತಾ ಕೂದಲ ಗಂಟನ್ನು ಸರೇಸಿನ ಒಲೆಗೆ ಎಸೆದಳು. ತಗಡನ್ನು ಕಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಜಜ್ಜಿದಳು. ಅಕ್ಷರ ಒಂದೂ ಉಳಿಯದ ಹಾಗೆ, ತೋಳು ಸೋಲುವವರೆಗೆ ಜಜ್ಜಿ ಗುಜರಿಯ ಡಬ್ಬಿಗೆ ಹಾಕಿದಳು. ಕೂದಲು ಉರಿದ ಕಮಟು ಶೆಡ್ಡು ತುಂಬಿತು. ಅಮ್ಮ ಸತ್ತ ಮೇಲಿನ ಒಂಬತ್ತು ವರ್ಷದಲ್ಲಿ ಮೊದಲ ಸಲ ಅವಳಿಗೆ ಮನಸ್ಸು ಹಗುರವಾದಂತೆನಿಸಿತು.

ಮಧ್ಯಾಹ್ನದ ತನಕ ತಾನೇ ಕೂತು ಕೆಲಸ ಮಾಡಿದಳು. ಕಂಬವನ್ನು ಕಂಡಿಯಿಂದ ಇಳಿಸಿ ಕುದುರೆಯ ಕಾಲಿನ ಹಿಂದೆ ಸರಿಯಾಗಿ ನಿಲ್ಲಿಸಿದಳು, ಹೊಸ ಕುದುರೆಯ ಕಾಲುಗಳನ್ನು ಹಲಗೆಯ ಉಬ್ಬಿಗೆ ಹೊಂದುವಂತೆ ಕೆತ್ತಿದಳು, ಉಕ್ಕಿನ ತಂತಿ ಏರಿಸಿದಳು. ಎತ್ತರ ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿರಲಿಲ್ಲ. ಕಮಾನು ಎಳೆದಳು.

ದನಿ ಸತ್ತಿತ್ತು. ತಗಡಿನ ಡಬ್ಬಿಯ ಮೇಲೆ ಹಗ್ಗ ಎಳೆದ ಹಾಗೆ. ಕಂಬವನ್ನು ಅತ್ತ ಸರಿಸಿ, ಇತ್ತ ಸರಿಸಿ ನೋಡಿದಳು. ಏನೂ ಬದಲಾಗಲಿಲ್ಲ. ಯಜ್ಞೇಶ್ವರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಆಚಾರ್ರೇ, ಸ್ವಲ್ಪ ಬನ್ನಿ ಎನ್ನಲು ಅವಳು ಬಾಯಿ ತೆರೆದಳು.

"ಮುಂಡಪ್ಪೆ ಓಲುಲ್ಲೆ?"

ಮುಂಡಪ್ಪ ಎಲ್ಲಿದ್ದಾನೆ? ತುಳು. ಗಂಡಸಿನ ದಪ್ಪ ಸ್ವರ. ಬೆಳಿಗ್ಗೆ ಮರದೊಳಗೆ ಕೇಳಿದ ಅದೇ ಸ್ವರ, ಈಗ ಅವಳ ಹಲ್ಲುಗಳ ನಡುವಿನಿಂದ ಬಂದಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಬೆರಳುಗಳ ಅಡಿಯಲ್ಲಿ ತುಟಿ ಮತ್ತೆ ಆಡಿತು.

ಯಜ್ಞೇಶ್ವರ ಓಡಲಿಲ್ಲ. ಅವಳ ಕೈಗೆ ನೀರಿನ ಲೋಟ ಕೊಟ್ಟು, ಯಾರು ಕೊಟ್ಟರೋ ಅವರ ಹತ್ತಿರವೇ ಹೋಗಿ ಕೇಳೆಂದ.

ತುರ್ಭೆಯಿಂದ ಠಾಣೆಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಅವಳು ದುಪಟ್ಟಾ ಬಾಯಿಗೆ ತುರುಕಿ ಬಾಗಿಲ ಬಳಿ ನಿಂತಳು. ತಾನು ಹೇಳಬೇಕೆಂದ ಒಂದು ಮಾತೂ ಬರುತ್ತಿರಲಿಲ್ಲ. ಬರುತ್ತಿದ್ದುದು ಆ ಎರಡು ಶಬ್ದ ಮಾತ್ರ, ಪ್ರತಿಸಲ ಇನ್ನಷ್ಟು ಜೋರಾಗಿ. ಲೇಡೀಸ್ ಡಬ್ಬಿಯ ಹೆಂಗಸರು ಒಬ್ಬೊಬ್ಬರಾಗಿ ದೂರ ಸರಿದರು. ಗಂಟಲಿನಿಂದ ರಕ್ತದ ರುಚಿ ಬಂತು. ಅದಕ್ಕಿಂತ ಭಯಂಕರವಾದದ್ದು ಸ್ವರದ ಜೊತೆ ಬಂದ ಸಿಟ್ಟು. ಅವಳಿಗೆ ಸಿಟ್ಟು ಹೊಸದಲ್ಲ. ಇದು ಬೇರೆ. ಎಷ್ಟೋ ವರ್ಷ ಕತ್ತಲೆಯ ಪೆಟ್ಟಿಗೆಯಲ್ಲಿ ಕೂತು ಗಟ್ಟಿಯಾದ ಸಿಟ್ಟು. ಅವಳ ಬೆರಳುಗಳು ತಾವಾಗಿ ಮುಷ್ಟಿ ಕಟ್ಟುತ್ತಿದ್ದವು.

ಉಮಾವತಿ ಬಾಗಿಲು ತೆರೆದದ್ದೇ ತಡ, ಆ ಕೈಗಳು ಅವಳ ಕತ್ತಿಗೆ ಹೋದವು.

"ಮುಂಡಪ್ಪೆ ಓಲುಲ್ಲೆ?"

ಮುದುಕಿಗೆ ಸ್ವರದ ಗುರುತು ಹತ್ತಿತು. ಅವಳು ಬಿಡಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿ ಸತ್ತ ಎಂದಳು. ತುಳುವಿನಲ್ಲಿ, ಮತ್ತೆ ಕನ್ನಡದಲ್ಲಿ, ಸತ್ತುಹೋದ, ವರ್ಷ ಆಯ್ತು ಎಂದಳು. ಆ ಮಾತು ಕೇಳಿ ಕೈ ಒಂದು ಗಳಿಗೆ ಸಡಿಲಾಯಿತು. ಅಷ್ಟರಲ್ಲಿ ಪ್ರಣೀತಾ ತನ್ನನ್ನೇ ಗೋಡೆಗೆ ಅಪ್ಪಳಿಸಿಕೊಂಡು, ನೆಲದಲ್ಲಿ ಕುಸಿದು, ಅಂಗೈ ಕಚ್ಚಿಕೊಂಡಳು.

ಉಮಾವತಿ ಎಲ್ಲವನ್ನೂ ಹೇಳಿದಳು. ಮುಂಡಪ್ಪ, ಚನಿಯ ಇಬ್ಬರೂ ಒಂದೇ ಊರಿನವರು, ಒಂದೇ ಬಸ್ಸಿನಲ್ಲಿ ಮುಂಬಯಿಗೆ ಬಂದವರು. ಮುಂಡಪ್ಪನದು ಊರೊಳಗಿನ ಮನೆ. ಚನಿಯನವರನ್ನು ಊರು ಬಾವಿಯ ಹತ್ತಿರವೂ ಬಿಟ್ಟುಕೊಳ್ಳುತ್ತಿರಲಿಲ್ಲ. ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಿದ್ದ ಇಬ್ಬರನ್ನೂ ಗೋವಾದ ಬ್ಯಾಂಡ್ ಮಾಸ್ತರನೊಬ್ಬ ತಂಡಕ್ಕೆ ಸೇರಿಸಿಕೊಂಡ. ಮುಂಡಪ್ಪ ಬೇಸ್ ಕಲಿತ. ಚನಿಯ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗಿನ ಹಾಡನ್ನು ಜಾಝ್ ತಾಳಕ್ಕೆ ಹಾಡಿದರೆ ಜನ ತಿನ್ನುವುದು ಬಿಟ್ಟು ಕೇಳುತ್ತಿದ್ದರು. ಮಾಸ್ತರ ಚನಿಯನಿಗೆ ಕೋಟು ಹೊಲಿಸಿ ಎದುರು ನಿಲ್ಲಿಸಿದ, ಮುಂಡಪ್ಪ ಅವನ ಹಿಂದೆ ನಿಂತು ನುಡಿಸಬೇಕಾಯಿತು. ಊರಿನಲ್ಲಿ ತನ್ನ ಅಂಗಳ ಹತ್ತದವನ ಹಿಂದೆ. ಮುಂಡಪ್ಪ ಮಂತ್ರವಾದಿಯ ಬಳಿ ಹೋದ. ೧೯೮೬ರಲ್ಲಿ, ಕಲ್ಯಾಣದ ಒಂದು ಮದುವೆಯಲ್ಲಿ, ಹಾಡಿನ ಎರಡನೆಯ ಸಾಲಿನ ನಡುವೆ ಚನಿಯನ ಬಾಯಿ ತೆರೆದೇ ಉಳಿಯಿತು. ದನಿ ಮತ್ತೆ ಬರಲಿಲ್ಲ. ಅಂದಿನಿಂದ ಮುಂಡಪ್ಪನ ಬೇಸ್ ಹಾಡತೊಡಗಿತು.

"ಇವರಿಗೆ ಅಕ್ಷರ ಬರ್ತಿರ್ಲಿಲ್ಲ," ಎಂದಳು ಉಮಾವತಿ. "ತಗಡಿನ ಮೇಲೆ ಬರ್ದದ್ದು ನಾನು."

ಪ್ರಣೀತಾಳ ಕಚ್ಚಿದ ಅಂಗೈಯಿಂದ ರಕ್ತ ತೊಟ್ಟಿಕ್ಕಿತು. ಆ ಗಳಿಗೆಯಲ್ಲಿ ತನ್ನ ಸಿಟ್ಟು ಯಾವುದು, ಅವನದು ಯಾವುದು ಎಂದು ಅವಳಿಗೆ ತಿಳಿಯಲಿಲ್ಲ.

ಚನಿಯ ಬದುಕಿದ್ದ. ತುರ್ಭೆಯ ಈರುಳ್ಳಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಹಾಡು ನಿಂತ ಸಾಲಿನಿಂದಲೇ ಅವನು ಎತ್ತಿಕೊಂಡರೆ ಸ್ವರ ಅವನಿಗೆ ಹೋಗುತ್ತದೆ ಎಂದು ಮಂತ್ರವಾದಿ ಹೇಳಿದ್ದನಂತೆ. ಹೋಗದಿದ್ದರೆ ಅದನ್ನು ಹೊತ್ತ ಗಂಟಲು, ಜೀವ ಎರಡೂ ಉಳಿಯುವುದಿಲ್ಲ. ಉಮಾವತಿ ವಿಳಾಸ ಹೇಳಿದಳು. ಇಪ್ಪತ್ತೇಳು ವರ್ಷ ಅವಳಿಗೆ ಆ ವಿಳಾಸ ಗೊತ್ತಿತ್ತು.

ಮರುದಿನ ಬೆಳಿಗ್ಗೆ, ಅವಳು ಬರೆದು ತೋರಿಸಿದ್ದನ್ನೆಲ್ಲ ಓದಿ, ಯಜ್ಞೇಶ್ವರ ಕೈಗಾಡಿಯಲ್ಲಿ ಬೇಸ್ ಹೇರಿಕೊಂಡು ಅವಳ ಜೊತೆ ಬಂದ. ಮಾರ್ಕೆಟ್ಟಿನ ಹಿಂದಿನ ಕೊಳೆಗೇರಿ. ಕೊಳೆತ ಈರುಳ್ಳಿ, ಗೋಣಿಯ ಧೂಳು, ಡೀಸೆಲ್. ಲಾರಿಗಳು ಹಿಂದೆ ಬರುವ ಪೀಂ ಪೀಂ ಸದ್ದು. ಒಂದು ತಗಡಿನ ಚಾವಣಿಯ ಕೋಣೆಯ ಮುಂದೆ ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ ಪಕ್ಕದ ಮನೆಯ ಮಕ್ಕಳೆದುರು ತಗಡಿನ ಡಬ್ಬಿ ಬಡಿದು ತಾಳ ಹಾಕುತ್ತಿದ್ದ. ಮಕ್ಕಳು ಕುಣಿಯುತ್ತಿದ್ದರು. ಅವನು ನಗುತ್ತಿದ್ದ, ಸದ್ದಿಲ್ಲದೆ, ಇಡೀ ಮೈಯಿಂದ.

ಅವನ ಮಗಳು ತೃಪ್ತಿ ಹೊರಗೆ ಬಂದಳು. ಇಪ್ಪತ್ತನಾಲ್ಕರ ಹುಡುಗಿ, ಲ್ಯಾಬೊಂದರಲ್ಲಿ ಕೆಲಸ. ಯಜ್ಞೇಶ್ವರ ಹೇಗೋ ವಿಷಯ ತಿಳಿಸಲು ಹೊರಟ. ಅಷ್ಟರಲ್ಲಿ ಪ್ರಣೀತಾಳ ಬಾಯಿ ತೆರೆಯಿತು.

ಚನಿಯನ ಕೈ ಡಬ್ಬಿಯ ಮೇಲೆ ನಿಂತಿತು.

ಅವನು ತನ್ನ ಸ್ವರವನ್ನು ಕೇಳಿದ. ಪೂರ್ತಿ ಕೇಳಿದ. ಆಮೇಲೆ ತಲೆ ಅಲ್ಲಾಡಿಸಿದ. ಬೇಡ. ಎರಡೂ ಕೈಯಿಂದ ದೂರ ತಳ್ಳುವ ಸನ್ನೆ ಮಾಡಿದ. ಅವನ ಬೆರಳುಗಳ ಮಾತನ್ನು ತೃಪ್ತಿ ಬಿಡಿಸಿ ಹೇಳಿದಳು. ಸ್ವರ ಹೋದಾಗ ಸಿಟ್ಟೂ ಅದರ ಜೊತೆ ಹೋಯಿತಂತೆ. ಮೊದಲ ವರ್ಷ ಅತ್ತನಂತೆ, ಆಮೇಲೆ ಹಗುರಾದನಂತೆ. ಮದುವೆಯಾದ, ಮಗಳಾದಳು. ಅವನಿಗೆ ಈಗ ಆ ಸ್ವರ ಬೇಡ.

"ತುಮ್ ಜಾವೋ ಯಹಾಂ ಸೆ," ಅಂದಳು ತೃಪ್ತಿ, ಬೀದಿಯತ್ತ ಕೈ ತೋರಿಸಿ. "ಬಾಬಾಗೆ ಬೇಡ ಅಂದ್ರೆ ಬೇಡ. ನಿಮ್ಮ ಲೋಗ್ ಮಾಡಿದ್ದು, ನೀವೇ ಇಟ್ಕೊಳ್ಳಿ."

ಪ್ರಣೀತಾ ಹೋಗಬೇಕಿತ್ತು. ಹೋಗಬೇಕೆಂದು ಅವಳಿಗೂ ಗೊತ್ತಿತ್ತು. ಆದರೆ ಕೆಮ್ಮು ಬಂತು, ನೆಲದ ಮೇಲೆ ಬಿದ್ದದ್ದು ಬರೀ ರಕ್ತ. ಕಣ್ಣು ಕತ್ತಲಿಟ್ಟಿತು. ಅಮ್ಮನ ಕೊನೆಯ ದಿನದ ಮುಖ ನೆನಪಾಯಿತು. ಸಾಯಲಾರೆ ಎನಿಸಿತು. ಅವಳು ಮಂಡಿಯೂರಿ ಚನಿಯನ ಪಾದ ಹಿಡಿದಳು. ಚನಿಯ ಅವಳನ್ನು ನೋಡಿದ, ಮಗಳನ್ನು ನೋಡಿದ. ಇಬ್ಬರ ನಡುವೆ ಹೆಚ್ಚೇನೂ ವಯಸ್ಸಿನ ಅಂತರವಿರಲಿಲ್ಲ. ಬೇಸಿನ ಕಡೆ ಬೆರಳು ತೋರಿಸಿದ. ತೃಪ್ತಿ ಅವನ ತೋಳು ಹಿಡಿದು ಜಗ್ಗಿದಳು. ಅವನು ಮೆಲ್ಲಗೆ ಅವಳ ಬೆರಳು ಬಿಡಿಸಿ, ತಲೆ ಸವರಿದ.

ಪ್ರಣೀತಾ ಬೇಸ್ ಎತ್ತಿ ನಿಲ್ಲಿಸಿದಳು. ಅತಿ ಕೆಳಗಿನ ಸ್ವರದ ತಂತಿಗೆ ಕಮಾನು ಹಾಕಿದಳು. ಸತ್ತ ದನಿ ಗೊರಗೊರ ಎಂದಿತು. ಅವಳ ಬಾಯಿಯಿಂದ ನೇಜಿಯ ಹಾಡು ಹೊರಟಿತು. ಅವಳು ಎಂದೂ ಕಲಿಯದ ಹಾಡು. ಮೊದಲ ಸಾಲು. ಲಾರಿಗಳ ಸದ್ದು ನಿಂತಿತು. ಮಕ್ಕಳು ಕದಲಲಿಲ್ಲ. ಎರಡನೆಯ ಸಾಲು. ಗಂಟಲೊಳಗೆ ಏನೋ ಉಗುರೂರಿತು. ಇಳಿಯಲೊಲ್ಲೆ ಎಂದಿತು. ಅವಳು ಕಮಾನು ಒತ್ತಿದಳು. ಉಸಿರು ಕಟ್ಟಿತು. ಸಾಲು ಅರ್ಧದಲ್ಲಿ ತುಂಡಾಯಿತು. ಚನಿಯ ಬಾಯಿ ತೆರೆದ. ಏನೂ ಇಲ್ಲ. ಮತ್ತೆ ತೆರೆದ. ಕತ್ತಿನ ನರಗಳು ಹಗ್ಗದಂತೆ ಎದ್ದವು. ಅವಳ ಎದೆ ಸೀಳಿದ ಹಾಗಾಯಿತು. ವೀಳ್ಯದೆಲೆಯ ವಾಸನೆ. ಬಿಸಿ ಉಸಿರು. ಅವಳಿಂದ ಹೊರಗೆ. ಅವನೊಳಗೆ.

ಅರ್ಧ ಸಾಲು ಅವನ ಬಾಯಿಂದ ಮುಗಿಯಿತು.

ಒಂದು ಗಳಿಗೆ ಅದು ಚೆಂದವಾಗಿತ್ತು. ತೃಪ್ತಿ ಬಾಯಿಗೆ ಕೈ ಇಟ್ಟುಕೊಂಡು ಅತ್ತಳು. ಅಪ್ಪನ ದನಿಯನ್ನು ಅವಳು ಹುಟ್ಟಿದಂದಿನಿಂದ ಕೇಳಿರಲಿಲ್ಲ.

ಆಮೇಲೆ ಚನಿಯನ ಮುಖ ಬದಲಾಯಿತು. ನಗುತ್ತಿದ್ದ ಗೆರೆಗಳೆಲ್ಲ ಒಂದೊಂದಾಗಿ ಅಳಿದವು. ಅವನು ಬೇಸಿನ ಕುತ್ತಿಗೆ ಹಿಡಿದು, ಈರುಳ್ಳಿ ಮೂಟೆ ಎತ್ತುವ ಹಾಗೆ ಎತ್ತಿ, ನೆಲಕ್ಕೆ ಬಡಿದ. ಮತ್ತೆ ಬಡಿದ. ಚೂರುಚೂರಾಗುವವರೆಗೆ ಬಡಿದ. "ಮುಂಡಪ್ಪೆ ಓಲುಲ್ಲೆ?" ಮಕ್ಕಳು ಕಿರುಚಿ ಓಡಿದರು. ಬಾಬಾ ಎಂದು ಹತ್ತಿರ ಹೋದ ತೃಪ್ತಿಯನ್ನು ಅವನು ಕೆನ್ನೆಗೆ ಹೊಡೆದು ಕೆಡವಿದ. ಅವಳನ್ನು ಎಂದೂ ಗದರಿರದ ಮನುಷ್ಯ.

ಯಜ್ಞೇಶ್ವರ ಪ್ರಣೀತಾಳನ್ನು ಎಳೆದುಕೊಂಡು ಓಡಿದ. ರಸ್ತೆಗೆ ಬಂದ ಮೇಲೆ ಅವಳು "ಆಚಾರ್ರೇ" ಎಂದಳು. ಅವಳದೇ ದನಿ. ಬದುಕಿದ್ದಳು.

ಕಛೇರಿ ನಡೆಯಿತು. ಬೇರೊಬ್ಬರಿಂದ ಕೇಳಿ ತಂದ ಬೇಸಿನಲ್ಲಿ ನುಡಿಸಿದಳು, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರ್ತಕ ನಗರದ ಮನೆಗೆ ಬೀಗ ಬಿದ್ದಿತ್ತು. ಉಮಾವತಿ ಎಲ್ಲಿಗೆ ಹೋದಳೆಂದು ಯಾರಿಗೂ ತಿಳಿಯದು. ಆ ಬೀಗದ ಮುಂದೆ ಒಬ್ಬ ಮುದುಕ ದಿನವೂ ಬಂದು ಸತ್ತವನ ಹೆಸರು ಕೂಗುತ್ತಾನೆ, ಬಿಡಿಸಲು ಹೋದ ವಾಚ್‌ಮನ್‌ನ ಕೈ ಮುರಿದ ಎಂದು ಪ್ರಣೀತಾ ಯಾರಿಂದಲೋ ಕೇಳಿದಳು. ಒಂದು ದಿನವೂ ಅತ್ತ ಹೋಗಲಿಲ್ಲ.

ಜೂನ್ ಕೊನೆಗೆ ತೃಪ್ತಿಯೇ ಅವಳನ್ನು ಹುಡುಕಿಕೊಂಡು ಬಂದಳು. ಬಾಗಿಲಲ್ಲೇ ನಿಂತಳು, ಒಳಗೆ ಕರೆದರೂ ಬರಲಿಲ್ಲ. ಕೆಳದವಡೆಯ ಒಂದು ಬದಿ ಪೆಟ್ಟಿನಿಂದ ಹಳದಿಗಟ್ಟಿತ್ತು.

"ಬಾಬಾನ ಆವಾಜ್ ಒಂದು ಸಲ ಕೇಳ್ಬೇಕು ಅಂತ ಚಿಕ್ಕಂದಿನಿಂದ ಇತ್ತು ನಂಗೆ," ಅಂದಳು. "ಈಗ ಕಿವಿಗೆ ಹತ್ತಿ ಹಾಕ್ಕೊಂಡು ಮಲಗ್ತೇನೆ. ನಿನ್ನೆ ಅವರು ಯಾರೂ ಹೇಳಿಕೊಡದ ಹೊಸ ಹೆಸರು ಕೂಗಿದ್ರು. ನಿಮ್ಮದು."

ಪ್ರಣೀತಾ ಹೊಸ್ತಿಲು ದಾಟಿ ಅವಳ ಕೈ ಹಿಡಿಯಲು ಹೋದಳು. ತೃಪ್ತಿ ಹಿಂದೆ ಸರಿದಳು. ಅವಳ ಕಣ್ಣುಗಳಲ್ಲಿ ಈಗ ಆ ಸಿಟ್ಟು ಕೂತಿತ್ತು, ಹೊಸದಾಗಿ, ಗಟ್ಟಿಯಾಗಿ. ಅವಳು ತಿರುಗಿ ಮೆಟ್ಟಿಲಿಳಿದು ಹೋದಳು.